ಲಿನಕ್ಸ್ ಮಿಂಟ್: ಬದಿಯಡ್ಕದ ಟೈಪಿಂಗ್ ಅಂಗಡಿಯಲ್ಲಿ ಒಂಬತ್ತು ವರ್ಷ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಮದುವೆ ಕಾಗದ, ಜಾತ್ರೆಯ ಆಮಂತ್ರಣ, ಯಕ್ಷಗಾನದ ನೋಟೀಸು, ಪಂಚಾಯತಿಗೆ ಕೊಡುವ ಅರ್ಜಿ, ಸರ್ಕಾರಿ ಕೆಲಸಕ್ಕೆ ಹಾಕುವ ಪಿಎಸ್‌ಸಿ ಅರ್ಜಿ. ಇದೇ ದಿನದ ಕೆಲಸ. 2016ರ ಮಳೆಗಾಲದಿಂದ ಇದನ್ನೆಲ್ಲ ಹೆಚ್ಚಾಗಿ ಲಿನಕ್ಸ್ ಮಿಂಟ್‌ನಲ್ಲೇ ಮಾಡುತ್ತಿದ್ದೇನೆ. ಲಿನಕ್ಸ್ ಎಂದರೆ ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್ (ಆಪರೇಟಿಂಗ್ ಸಿಸ್ಟಂ), ಅದರ ಒಂದು ಬಗೆ ಮಿಂಟ್. ಒಂಬತ್ತು ವರ್ಷ ದಿನಾ ಬಳಸಿದ ಮೇಲೆ ಬರೆಯುವ ವಿಮರ್ಶೆ ಇದು. ವಿಂಡೋಸ್ ಬಿಡಬೇಕಾ ಅಂತ ಯೋಚನೆ ಮಾಡುವವರಿಗೂ, ಲಿನಕ್ಸನ್ನು ಜನರಿಗೆ ಹೇಗೆ ತಲುಪಿಸುವುದು ಎಂದು ತಲೆ ಕೆಡಿಸಿಕೊಳ್ಳುವ ಪ್ರೋಗ್ರಾಮರ್‌ಗಳಿಗೂ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಬದಲಾಯಿಸಿದ್ದಕ್ಕೆ ಕಾರಣ ಪೆನ್‌ಡ್ರೈವ್. ಟೈಪಿಂಗ್ ಅಂಗಡಿ ಇಟ್ಟವರಿಗೆ ಶಾರ್ಟ್‌ಕಟ್ ವೈರಸ್ ಗೊತ್ತಿರುತ್ತದೆ. ಗಿರಾಕಿಯ ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳೆಲ್ಲ ಮಾಯ, ಅದೇ ಹೆಸರಿನ ಶಾರ್ಟ್‌ಕಟ್ ಮಾತ್ರ ಕಾಣುತ್ತದೆ. ಅದನ್ನು ಒತ್ತಿದರೆ ನಮ್ಮ ಕಂಪ್ಯೂಟರಿಗೂ ಅಂಟುತ್ತದೆ. ಆಮೇಲೆ ಬರುವ ಪ್ರತಿಯೊಬ್ಬರ ಪೆನ್‌ಡ್ರೈವ್‌ಗೂ ನಾವೇ ಹಂಚುತ್ತೇವೆ. ಆ ವರ್ಷ ಎರಡು ತಿಂಗಳಲ್ಲಿ ಮೂರು ಸಲ ಫಾರ್ಮ್ಯಾಟ್ ಮಾಡಿಸಿದೆ. ಮೂರನೇ ಸಲ ಒಂದು ಮದುವೆ ಕಾಗದದ ಫೈಲೇ ಹೋಯಿತು. ಹುಡುಗಿಯ ಅಪ್ಪ ಅಂಗಡಿಯ ಬೆಂಚಿನಲ್ಲಿ ಕೂತಿದ್ದರು. ಅವರಿಗೆ ಮುಖ ತೋರಿಸಲು ನನಗೆ ಆಗಲಿಲ್ಲ.

ಮಗಳು ಆಗ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಲಿನಕ್ಸ್‌ನಲ್ಲಿ. ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು. 2017ರಿಂದ ಅದಕ್ಕೆ ಕೈಟ್ ಎಂದು ಹೆಸರು. ಶಾಲೆಯ ಲ್ಯಾಬಿಗೆ ಅವರದ್ದೇ ಲಿನಕ್ಸ್ ಉಂಟು, ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಆಧಾರದ್ದು. ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಫೋಟೋ ತಿದ್ದುವ ಗಿಂಪ್, ಗಣಿತದ ಜಿಯೋಜೀಬ್ರಾ, ಪ್ರೋಗ್ರಾಂ ಬರೆಯುವ ಪೈಥಾನ್ ಎಲ್ಲ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಹತ್ತನೇ ಕ್ಲಾಸಿನ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. "ಅಮ್ಮ, ನಮ್ಮ ಲ್ಯಾಬಲ್ಲಿ ಆ ಶಾರ್ಟ್‌ಕಟ್ ಒತ್ತಿದ್ರೂ ಎಂತದೂ ಆಗುದಿಲ್ಲ" ಎಂದಳು ಮಗಳು. ನಂಬಿಕೆ ಬರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ.

ಮಿಂಟ್ ಆರಿಸಿದ್ದು ಅವಳೇ. ಅದೂ ಉಬುಂಟು ಮೇಲೆ ಕಟ್ಟಿದ್ದು. ಮೆನು ಎಡಗಡೆ ಕೆಳಗೆ, ವಿಂಡೋಸ್ ಹಾಗೆಯೇ. ನನ್ನ ಕೈಗೆ ಅಭ್ಯಾಸ ಇದ್ದ ಜಾಗದಲ್ಲೇ ಎಲ್ಲ ಇತ್ತು. ಮೊದಲ ವಾರ ಒಂದು ಸೋಂಕು ಹಿಡಿದ ಪೆನ್‌ಡ್ರೈವ್ ಬಂತು. ಹಾಕಿದೆ. ಶಾರ್ಟ್‌ಕಟ್‌ಗಳ ಜೊತೆಗೆ ಅಡಗಿಸಿಟ್ಟ ನಿಜವಾದ ಫೋಲ್ಡರ್‌ಗಳೂ ಸಾಲಾಗಿ ಕಂಡವು. ವಿಂಡೋಸ್‌ಗಾಗಿ ಬರೆದ ವೈರಸ್ ಇಲ್ಲಿ ಓಡುವುದಿಲ್ಲ. ವಿಂಡೋಸ್ ರೀತಿಯಲ್ಲಿ ಅಡಗಿಸಿದ್ದು ಇಲ್ಲಿ ಅಡಗಿರುವುದೂ ಇಲ್ಲ. ಕೆಟ್ಟ ಫೈಲ್ ಅಳಿಸಿ ಗಿರಾಕಿಗೆ ಸರಿಯಾದ ಪೆನ್‌ಡ್ರೈವ್ ವಾಪಸ್ ಕೊಟ್ಟೆ. ಅಂದಿನಿಂದ ಇಂದಿನವರೆಗೆ ಈ ಕಂಪ್ಯೂಟರನ್ನು ವೈರಸ್‌ಗಾಗಿ ಒಮ್ಮೆಯೂ ಫಾರ್ಮ್ಯಾಟ್ ಮಾಡಿಲ್ಲ.

ಯಂತ್ರ 2013ರಲ್ಲಿ ಮಂಗಳೂರಿನಿಂದ ತಂದ ಐ3 ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. 2019ರಲ್ಲಿ 240 ಜಿಬಿಯ ವೇಗದ ಡಿಸ್ಕ್ (ಎಸ್‌ಎಸ್‌ಡಿ) ಹಾಕಿಸಿದೆ, ಆಮೇಲೆ ರ‍್ಯಾಮ್ 8 ಮಾಡಿಸಿದೆ. ಈಗ ಮಿಂಟ್ 22 ಓಡುತ್ತಿದೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಇದೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲು ನಿಯಮದ ಪ್ರಕಾರ ಆಗುವುದಿಲ್ಲ, ಪ್ರೊಸೆಸರ್ ಹಳೆಯದು.

ಕನ್ನಡ ಟೈಪಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಂಥವರ ಹೊಟ್ಟೆಪಾಡು ಅದರಲ್ಲೇ ಇರುವುದು. ನಾನು ಕಲಿತದ್ದು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ. ಆ ಕೀಲಿಮಣೆಯ ವಿನ್ಯಾಸ ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ಅವರದ್ದು. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಎಂದೇ ಅದು ಸಿಗುತ್ತದೆ. ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಅಕ್ಷರಕ್ಕೆ ಗುಬ್ಬಿ, ನವಿಲು ಫಾಂಟ್‌ಗಳು ಚೆನ್ನಾಗಿವೆ, ನೋಟೋ ಕೂಡ ಉಂಟು.

ತೊಂದರೆ ಹಳೆಯ ಫೈಲ್‌ಗಳದ್ದು. ಹತ್ತು ಹದಿನೈದು ವರ್ಷದ ಕೆಲಸ ನುಡಿಯ ಹಳೆಯ ಫಾಂಟ್‌ಗಳಲ್ಲಿ, ಪುಟ ಜೋಡಿಸುವ ಪೇಜ್‌ಮೇಕರ್ ಫೈಲ್‌ಗಳಲ್ಲಿ ಇದೆ. ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತದಲ್ಲಿ ಇಲ್ಲ. ಇಲ್ಲಿ ತೆರೆದರೆ ಅಕ್ಷರದ ಬದಲು ಏನೇನೋ ಚಿಹ್ನೆ ಬರುತ್ತದೆ. ಪಠ್ಯವನ್ನು ಕನ್ವರ್ಟರ್‌ನಲ್ಲಿ ಬದಲಾಯಿಸಬಹುದು, ಆದರೆ ಪುಟದ ಜೋಡಣೆ ಹೊಸದಾಗಿ ಮಾಡಬೇಕು. ಪ್ರತಿ ವರ್ಷ ಅದೇ ಜಾತ್ರೆಯ ಆಮಂತ್ರಣದಲ್ಲಿ ತಾರೀಕು ಬದಲಿಸಿ ಕೊಡುವ ನಮಗೆ ಇದು ಸಣ್ಣ ಕೆಲಸ ಅಲ್ಲ. ಎರಡು ವರ್ಷ ಹಿಡಿಯಿತು. ಪುಟ ಜೋಡಿಸಲು ಲಿನಕ್ಸ್‌ನಲ್ಲಿ ಸಿಗುವ ಸ್ಕ್ರೈಬಸ್ ಮೊದಲು ಕನ್ನಡವನ್ನು ಸರಿಯಾಗಿ ಜೋಡಿಸುತ್ತಲೇ ಇರಲಿಲ್ಲ. ಮದುವೆ ಕಾಗದದ ತಲೆಯಲ್ಲೇ 'ಶ್ರೀ' ಒಡೆದು ಬಂದರೆ ಯಾರು ತೆಗೆದುಕೊಳ್ಳುತ್ತಾರೆ? ಹಾಗಾಗಿ ಒಂದು ಪುಟದ ಕೆಲಸ ಎಲ್ಲ ಇಂಕ್‌ಸ್ಕೇಪ್‌ನಲ್ಲಿ ಮಾಡಿದೆ. 2024ರಲ್ಲಿ ಸ್ಕ್ರೈಬಸ್ 1.6 ಬಂದ ಮೇಲೆ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಪ್ರೆಸ್ಸಿಗೆ ಬೇಕಾದ ನಾಲ್ಕು ಬಣ್ಣದ ಪಿಡಿಎಫ್ ಕೂಡ ಅದರಿಂದಲೇ ಕೊಡುತ್ತೇನೆ. ಆದರೂ ಒಂದು ಪ್ರೆಸ್ಸಿನವರು ವಿಂಡೋಸ್‌ನ ಕೋರಲ್ ಡ್ರಾ ಫೈಲೇ ಬೇಕು ಅನ್ನುತ್ತಾರೆ. ಅವರಿಗಾಗಿ ಒಂದು ಹಳೆಯ ವಿಂಡೋಸ್ ಕಂಪ್ಯೂಟರ್ ಮೂಲೆಯಲ್ಲಿ ಇಟ್ಟಿದ್ದೇನೆ. ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ.

ಪ್ರಿಂಟರ್‌ನಲ್ಲಿ ಬಹಳ ಅನುಭವಿಸಿದೆ. ಅಂಗಡಿಯ ಹಳೆಯ ಲೇಸರ್ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ (ಪ್ರಿಂಟರ್ ನಡೆಸುವ ಪ್ರೋಗ್ರಾಂ) ಇದೆ ಎಂದು ತಯಾರಕರು ಹೇಳುತ್ತಿದ್ದರು. ಹಾಕಲು ಎರಡು ರಾತ್ರಿ ಬೇಕಾಯಿತು. ಮಿಂಟ್‌ನ ಹೊಸ ಆವೃತ್ತಿಗೆ ಹೋದಾಗ ಅದು ಮತ್ತೆ ಕೈಕೊಟ್ಟಿತು. ಕೊನೆಗೆ ಫೋನಿನಿಂದ ನೇರವಾಗಿ ಪ್ರಿಂಟ್ ತೆಗೆಯಲು ಆಗುವಂಥ ವೈಫೈ ಪ್ರಿಂಟರ್ ಕೊಂಡೆ. ಅದು ಡ್ರೈವರ್ ಕೇಳದೆ ಕೆಲಸ ಮಾಡಿತು. ಫೋನಿಗೆ ಒಗ್ಗುವ ಪ್ರಿಂಟರ್ ಹೆಚ್ಚಾಗಿ ಲಿನಕ್ಸಿಗೂ ಒಗ್ಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಎಷ್ಟು ನಿದ್ದೆ ಉಳಿಯುತ್ತಿತ್ತು!

ಒಮ್ಮೆ ಕರ್ನಲ್ (ಲಿನಕ್ಸಿನ ಒಳಗಿನ ತಿರುಳು) ಅಪ್‌ಡೇಟ್ ಆದ ಮೇಲೆ ವೈಫೈ ಹೋಯಿತು. ಆನ್ ಆಗುವಾಗ ಬರುವ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿದೆ, ಬಂತು. ಟೈಮ್‌ಶಿಫ್ಟ್ ಎಂಬುದೂ ಉಂಟು, ಸಿಸ್ಟಂ ನಿನ್ನೆ ಹೇಗಿತ್ತೋ ಹಾಗೆ ವಾಪಸ್ ತರುತ್ತದೆ. ದೊಡ್ಡ ಆಪತ್ತು ಅಂತ ಬಂದದ್ದು ಅಷ್ಟೇ.

ಇನ್ನು ನನ್ನ ಮನಸ್ಸಿನಲ್ಲಿ ವರ್ಷಗಳಿಂದ ಇರುವ ಮಾತು. ಇಷ್ಟು ಒಳ್ಳೆಯ ವಸ್ತು ನಮ್ಮ ಊರಿನ ಮನೆಗಳಿಗೆ ಯಾಕೆ ಬರಲಿಲ್ಲ? ಕುಂಬಳೆ, ನೀರ್ಚಾಲು, ಪೆರ್ಲ, ಮಂಜೇಶ್ವರ, ಎಲ್ಲಿಯ ಮಕ್ಕಳಾದರೂ ಶಾಲೆಯಲ್ಲಿ ಲಿನಕ್ಸ್ ಮುಟ್ಟಿದವರೇ. ಇಂಥ ಪ್ರಚಾರ ಎಷ್ಟು ದುಡ್ಡು ಸುರಿದರೂ ಸಿಗುವುದಿಲ್ಲ. ಆದರೆ ಅದೇ ಮಗು ಮನೆಗೆ ಬಂದರೆ ಅಪ್ಪ ತಂದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಅಂಗಡಿಯವರು ಹಾಕಿ ಕೊಟ್ಟದ್ದು ಅದೇ.

ಲಿನಕ್ಸ್ ಮಾಡಿ ಕೊಡುವವರು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಉಬುಂಟು 2004ರಲ್ಲಿ ಬಂತು. ಆಮೇಲೆ 2011ರವರೆಗೂ ಕೇಳಿದವರ ಮನೆಗೆ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು, ಒಂದು ಪೈಸೆ ಇಲ್ಲದೆ. ನನ್ನ ಅಣ್ಣನಿಗೂ ಬಂದಿತ್ತು. ಚಂದದ ಕವರು. ಹಾಕಿ ನೋಡಿದ, ಮನೆಯ ಮೋಡೆಮ್ ಹಿಡಿಯಲಿಲ್ಲ, ಕೇಳೋಣ ಎಂದರೆ ಊರಲ್ಲಿ ಗೊತ್ತಿದ್ದವರಿಲ್ಲ. ಸಿಡಿ ಕಪಾಟು ಸೇರಿತು. ಉಬುಂಟುವಿನ ದೋಷಪಟ್ಟಿಯಲ್ಲಿ ಒಂದನೇ ನಂಬರಿನ ದೋಷವಾಗಿ ಉಬುಂಟು ಶುರು ಮಾಡಿದ ಮಾರ್ಕ್ ಶಟಲ್‌ವರ್ತ್ ಬರೆದದ್ದು 'ಮಾರುಕಟ್ಟೆಯ ದೊಡ್ಡ ಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ' ಎಂದು. 2013ರಲ್ಲಿ ಅದನ್ನು ಅವರೇ ಮುಚ್ಚಿದರು. ಜನ ಫೋನ್, ಟ್ಯಾಬ್ಲೆಟ್ ಕಡೆ ಹೋದದ್ದರಿಂದ ಲೆಕ್ಕವೇ ಬದಲಾಗಿತ್ತು. ಆಂಡ್ರಾಯ್ಡ್ ಒಳಗಿರುವುದು ಲಿನಕ್ಸ್ ಕರ್ನಲ್ಲೇ ಅಲ್ವಾ. ಅದನ್ನು ಯಾರೂ ಲಿನಕ್ಸ್ ಎಂದು ಕೊಳ್ಳಲಿಲ್ಲ. ಫೋನು ಎಂದು ಕೊಂಡರು. 2022ರಲ್ಲಿ ಬಂದ ಸ್ಟೀಮ್ ಡೆಕ್ ಕೂಡ ಹಾಗೆಯೇ. ಒಳಗೆ ಲಿನಕ್ಸ್, ಕೊಳ್ಳುವವರಿಗೆ ಆಟದ ಯಂತ್ರ. ಮೊದಲೇ ಹಾಕಿ ಕೊಟ್ಟು, ಒಂದು ಕೆಲಸದ ಹೆಸರಿನಲ್ಲಿ ಮಾರಿದ್ದೇ ಜನರ ಕೈಗೆ ಹೋದದ್ದು.

ಪ್ರೋಗ್ರಾಮರ್‌ಗಳ ವಿಷಯ ಬೇರೆ. ಅವರಿಗೆ ಲಿನಕ್ಸನ್ನು ಹೊಗಳಿ ಹೇಳಬೇಕಾಗಿಯೇ ಇಲ್ಲ. ಅವರ ಪ್ರೋಗ್ರಾಂ ಕೊನೆಗೆ ಓಡುವ ಸರ್ವರ್ ಹೆಚ್ಚಾಗಿ ಲಿನಕ್ಸೇ. 2016ರಲ್ಲಿ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಅನ್ನು ಮೈಕ್ರೋಸಾಫ್ಟೇ ತಂದಿತು. ಮಗಳು ಈಗ ಮಂಗಳೂರಿನಲ್ಲಿ ಪ್ರೋಗ್ರಾಮರ್. ಮೊದಲ ದಿನ ಕೆಲಸದಲ್ಲಿ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಪರದೆ) ಕಂಡು ಹೆದರದೆ ಇದ್ದವಳು ಅವಳೊಬ್ಬಳೇ ಅಂತೆ. ಶಾಲೆಯ ಲ್ಯಾಬಿನ ಪುಣ್ಯ ಅದು.

ಆದರೆ ಪ್ರೋಗ್ರಾಮರಿಗೆ ಹೇಳುವ ಮಾತನ್ನೇ ಅಡಿಕೆ ತೋಟದವರಿಗೂ ಹೇಳಿದರೆ ನಡೆಯುವುದಿಲ್ಲ. ಶುರುವಿನಲ್ಲಿ ನಾನೂ ಅದೇ ತಪ್ಪು ಮಾಡಿದೆ. ಬಂದವರಿಗೆಲ್ಲ "ಇದು ಉಚಿತ" ಎನ್ನುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು. ಪುಕ್ಕಟೆ ಸಿಗುವುದರಲ್ಲಿ ಏನೋ ಕೊರತೆ ಇರಬೇಕು ಎಂದು ಜನ ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ಫ್ರೀ ಎಂದರೆ ದುಡ್ಡು ಬೇಡ ಎಂದೋ, ಸ್ವತಂತ್ರ ಎಂದೋ ಗೊಂದಲ ಉಂಟು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇದ್ದೂ ನಾನು ಉಚಿತವನ್ನೇ ಹಿಡಿದೆ. 'ಸ್ವತಂತ್ರ' ಎಂದು ಹೇಳಿ ನೋಡಿದೆ, ಅದೂ ತಲುಪಲಿಲ್ಲ. ಪೆರ್ಲ ಕಡೆಯ ಒಬ್ಬ ಹಿರಿಯರು ಕೇಳಿದ ಪ್ರಶ್ನೆ ಈಗಲೂ ನೆನಪಿದೆ. "ಅದೆಲ್ಲ ಸರಿ ಅಕ್ಕ, ಇದು ಹಾಳಾದ್ರೆ ಯಾರ ಹತ್ರ ತೆಕ್ಕೊಂಡು ಹೋಗುದು?"

"ನನ್ನ ಹತ್ರ ತನ್ನಿ" ಎಂದೆ. ಆವತ್ತೇ ಲ್ಯಾಪ್‌ಟಾಪ್ ಬಿಟ್ಟು ಹೋದರು.

ಜನರಿಗೆ ತಲುಪಿದ್ದರಲ್ಲಿ ಎರಡನೆಯದು ಮಗಳು ಮಾಡಿಕೊಟ್ಟ ಒಂದು ಸಣ್ಣ ವಸ್ತು. ಕೇರಳ ಪಿಎಸ್‌ಸಿಗೆ ಫೋಟೋ 150 ಅಗಲ, 200 ಎತ್ತರದ ಪಿಕ್ಸೆಲ್ ಇರಬೇಕು, 30 ಕೆಬಿ ಮೀರಬಾರದು, ಕೆಳಗೆ ಹೆಸರೂ ಫೋಟೋ ತೆಗೆದ ತಾರೀಕೂ ಇರಬೇಕು. ಕೊನೆಯ ದಿನ ಹತ್ತಿರ ಬಂದರೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದೊಂದು ಫೋಟೋಗೆ ಐದು ನಿಮಿಷ ಹೋಗುತ್ತಿತ್ತು. ಇಂಜಿನಿಯರಿಂಗ್ ಓದುವಾಗ ಒಂದು ರಜೆಯಲ್ಲಿ ಅವಳು ಚಿತ್ರದ ಅಳತೆ ಬದಲಿಸುವ ಇಮೇಜ್‌ಮ್ಯಾಜಿಕ್ ಬಳಸಿ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಬರೆದಳು. ಮಿಂಟ್‌ನ ಫೈಲ್ ಮ್ಯಾನೇಜರಿಗೆ ನಮ್ಮದೇ ಆಯ್ಕೆ ಸೇರಿಸಬಹುದು. ಈಗ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಪಿಎಸ್‌ಸಿ ಫೋಟೋ' ಎಂದು ಬರುತ್ತದೆ. ಹೆಸರು, ತಾರೀಕು ಕೇಳುತ್ತದೆ, ಮುಗಿಯಿತು. ಇದನ್ನು ನೋಡಿ ಪಕ್ಕದ ಊರಿನ ಇಬ್ಬರು ಟೈಪಿಂಗ್ ಅಂಗಡಿಯವರು ಮಿಂಟ್ ಹಾಕಿಸಿಕೊಂಡರು. ನಾನು ಒಂದು ಮಾತೂ ಹೇಳಲಿಲ್ಲ. ಅವರು ಆ ರೈಟ್ ಕ್ಲಿಕ್ ನೋಡಿದರು, ಅಷ್ಟೇ.

ಪ್ರೋಗ್ರಾಮರ್‌ಗಳಲ್ಲಿ ನನ್ನ ಬೇಡಿಕೆ ಇದೇ. ನಿಮಗೆ ಈ ವೇದಿಕೆ ಇಷ್ಟವಾದರೆ ನಿಮ್ಮ ಊರಿನ ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತುಕೊಳ್ಳಿ. ಯಾವ ಕೆಲಸಕ್ಕೆ ಐದು ನಿಮಿಷ ಹೋಗುತ್ತದೆ ನೋಡಿ. ಕನ್ನಡದಲ್ಲಿ ಆಗಬೇಕಾದ್ದು ಎಷ್ಟೋ ಉಂಟು. ಟೆಸೆರಾಕ್ಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಕನ್ನಡ ಓಸಿಆರ್ (ಪುಟದ ಚಿತ್ರವನ್ನು ಅಕ್ಷರ ಮಾಡುವುದು) ಸಿಗುತ್ತದೆ, ಹೊಸ ಮುದ್ರಣ ಚೆನ್ನಾಗಿ ಓದುತ್ತದೆ. ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕ ಕೊಟ್ಟರೆ ಒತ್ತಕ್ಷರದಲ್ಲಿ ಎಡವುತ್ತದೆ. ಕಾಗುಣಿತ ತಿದ್ದುವ ಸೌಕರ್ಯ ಇನ್ನೂ ಬಡಕಲು. ಪರದೆಯ ಮೇಲಿನ ಕನ್ನಡ ಅರ್ಧಂಬರ್ಧ, ಇದ್ದದ್ದೂ ಗಟ್ಟಿ ಪದಗಳಲ್ಲಿ. 'ಕಡತ' ಎಂದರೆ ನನ್ನ ಗಿರಾಕಿಗಳಿಗೆ ಸರ್ಕಾರಿ ಆಫೀಸಿನ ಕಟ್ಟು. ಫೈಲನ್ನು ಫೈಲ್ ಎಂದೇ ಬರೆಯಿರಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅಂದಿನಿಂದ ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರು ಜಾಸ್ತಿ. ಎಲ್ಲರಿಗೂ ಹಾಕಿ ಕೊಡುವುದಿಲ್ಲ. ವಿಂಡೋಸ್‌ನಲ್ಲಿ ಮಾತ್ರ ಓಡುವ ಲೆಕ್ಕದ ಸಾಫ್ಟ್‌ವೇರ್ ಇದ್ದವರಿಗೆ, ಡಿಜಿಟಲ್ ಸಹಿಯ ಟೋಕನ್ ದಿನಾ ಬೇಕಾದವರಿಗೆ ಬೇಡ ಎಂದೇ ಹೇಳುತ್ತೇನೆ. ಉಳಿದವರಿಗೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ತೋರಿಸುತ್ತೇನೆ, ಒಳಗಿನ ಡಿಸ್ಕ್ ಮುಟ್ಟುವುದಿಲ್ಲ. ವೈಫೈ ಹಿಡಿಯಬೇಕು, ಧ್ವನಿ ಬರಬೇಕು, ಕಗಪದಲ್ಲಿ ಅವರ ಹೆಸರು ಟೈಪ್ ಆಗಬೇಕು, ಅವರ ಪ್ರಿಂಟರ್ ಒಂದು ಹಾಳೆ ತೆಗೆಯಬೇಕು. ಅದಕ್ಕೇ ಬರುವಾಗ ಪ್ರಿಂಟರ್ ಹಿಂದೆ ಬರೆದಿರುವ ಮಾಡೆಲ್ ನಂಬರಿನ ಫೋಟೋ ತೆಗೆದುಕೊಂಡು ಬನ್ನಿ. ಫೈಲ್‌ಗಳ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡೇ ಬನ್ನಿ.