ಡಯಟೆಟಿಕ್ಸ್ ಸ್ಕಾಲರ್‌ಶಿಪ್‌ಗಳು: ಫೀಸಿನ ಮಾತು ಸರಿ, ಇಂಟರ್ನ್‌ಶಿಪ್ಪಿಗೆ ಯಾರು ಕೊಡುತ್ತಾರೆ?

ಸ್ಕಾಲರ್‌ಶಿಪ್ ಅಂದ ಕೂಡಲೇ ಎಲ್ಲರೂ ಕೇಳುವುದು ಮೊತ್ತ ಎಷ್ಟು ಎಂದು. ಈ ವಿಮರ್ಶೆಯಲ್ಲಿ ಅಳತೆಗೋಲು ಬೇರೆ. ಕಾಲೇಜು ಸೇರಿದ ದಿನದಿಂದ ಡಯಟೀಷಿಯನ್ (ಪಥ್ಯಾಹಾರ ತಜ್ಞ) ಎಂದು ನೋಂದಣಿಯಾಗುವ ದಿನದವರೆಗೆ ಆ ಹಣ ಎಷ್ಟು ದೂರ ಜೊತೆಗೆ ಬರುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇವೆ. ಈ ಓದಿನಲ್ಲಿ ಜಾಣ ವಿದ್ಯಾರ್ಥಿಗಳು ದಾರಿ ಬಿಡುವುದು ಹೆಚ್ಚಾಗಿ ತರಗತಿಯಲ್ಲಲ್ಲ, ಪದವಿ ಮುಗಿದ ಮೇಲೆ ಬರುವ ಇಂಟರ್ನ್‌ಶಿಪ್‌ನ ಹೊಸ್ತಿಲಲ್ಲಿ. ಅಷ್ಟು ಹೊತ್ತಿಗೆ ಬಹಳಷ್ಟು ಸ್ಕಾಲರ್‌ಶಿಪ್‌ಗಳ ಅವಧಿ ತೀರಿರುತ್ತದೆ.

ಇಂಟರ್ನ್‌ಶಿಪ್ ಅಂದರೆ ನೋಂದಣಿಗೆ ಮುಂಚೆ ಮಾಡಲೇಬೇಕಾದ ಪ್ರಾಯೋಗಿಕ ತರಬೇತಿ. ಮೊದಲು ಅದರ ಗಂಟೆಗಳ ಲೆಕ್ಕ ನೋಡೋಣ. ಡಯಟೀಷಿಯನ್‌ಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಹಾಕಿಕೊಂಡಿರುವ ಕನಿಷ್ಠ ಮಟ್ಟವೇ ಪದವಿಯ ಜೊತೆಗೆ 500 ಗಂಟೆಗಳ ಮೇಲ್ವಿಚಾರಣೆಯ ತರಬೇತಿ. ಅಮೆರಿಕದಲ್ಲಿ ಅದು ಕನಿಷ್ಠ 1000 ಗಂಟೆ. ಅಲ್ಲಿ 2024ರ ಜನವರಿ 1ರಿಂದ ನೋಂದಣಿ ಪರೀಕ್ಷೆಗೆ ಹೊಸದಾಗಿ ಕೂರುವವರಿಗೆ ಸ್ನಾತಕೋತ್ತರ ಪದವಿಯೂ ಕಡ್ಡಾಯ. ವಾರಕ್ಕೆ 40 ಗಂಟೆ ಎಂದಿಟ್ಟುಕೊಂಡರೂ ಸಾವಿರ ಗಂಟೆ ಎಂದರೆ 25 ವಾರ, ಆರು ತಿಂಗಳಿಗೆ ಒಂದು ವಾರ ಕಡಿಮೆ. ಬಹಳ ಕಡೆ ಇದಕ್ಕೆ ಸಂಬಳವಿಲ್ಲ, ಕೆಲವು ಕಡೆ ತರಬೇತಿಗೇ ಫೀಸು ಕಟ್ಟಬೇಕು. ಹಗಲೆಲ್ಲ ವಾರ್ಡ್, ಅಡುಗೆ ವಿಭಾಗ ಅಥವಾ ಸಮುದಾಯ ಆರೋಗ್ಯ ಕೇಂದ್ರ, ರಾತ್ರಿ ಕೇಸ್ ವರದಿ. ಬಿಡುವಿನಲ್ಲಿ ಬೇರೆ ಕೆಲಸ ಮಾಡಿ ದುಡಿಯುತ್ತೇನೆ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇದರ ಮೇಲೆ ಹೆಪಟೈಟಿಸ್ ಬಿ ಲಸಿಕೆ, ಕ್ಷಯದ ಪರೀಕ್ಷೆ, ಹಿನ್ನೆಲೆ ತಪಾಸಣೆಯ ಪ್ರಮಾಣಪತ್ರ, ವೃತ್ತಿ ಹೊಣೆಗಾರಿಕೆ ವಿಮೆ, ಬಿಳಿ ಕೋಟು, ಒಂದು ಕೇಂದ್ರದಿಂದ ಇನ್ನೊಂದಕ್ಕೆ ಓಡಾಟ. ಒಂದೊಂದೂ ಸಣ್ಣ ಖರ್ಚೇ. ಆದರೆ ಹೆಚ್ಚಿನವು ತರಬೇತಿ ಶುರುವಾಗುವ ಮುಂಚೆಯೇ ಒಟ್ಟಿಗೆ ಬಂದು ಕೂರುತ್ತವೆ.

ಈಗ ಒಂದೊಂದು ಬಗೆಯ ಸ್ಕಾಲರ್‌ಶಿಪ್‌ಗೆ ಬರೋಣ.

ಕಾಲೇಜೇ ಕೊಡುವ ಫೀಸು ಮನ್ನಾಕ್ಕೆ ಐದಕ್ಕೆ ಮೂರೂವರೆ ಅಂಕ. ಅರ್ಜಿ ಸುಲಭ, ಹಣ ಬರುವುದು ಖಚಿತ, ಕಾಯುವ ಗೋಳಿಲ್ಲ. ತೊಂದರೆ ಇರುವುದು ‘ಪೂರ್ಣಾವಧಿ ವಿದ್ಯಾರ್ಥಿ’ ಎಂಬ ಷರತ್ತಿನಲ್ಲಿ. ಇಂಟರ್ನ್‌ಶಿಪ್ ಪದವಿಯ ಒಳಗೇ ಸೇರಿದ್ದರೆ ಮನ್ನಾ ಮುಂದುವರಿಯುತ್ತದೆ. ಪದವಿ ಮುಗಿದ ಮೇಲೆ ಪ್ರತ್ಯೇಕವಾಗಿ ಬಂದರೆ ಆ ದಿನವೇ ನಿಲ್ಲುತ್ತದೆ. ಸೇರುವ ಮುಂಚೆ ಇದೊಂದು ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದುಕೊಳ್ಳಿ: ತರಬೇತಿಯ ತಿಂಗಳುಗಳಲ್ಲಿ ನನ್ನ ಹೆಸರು ನಿಮ್ಮ ದಾಖಲಾತಿ ಪುಸ್ತಕದಲ್ಲಿ ಇರುತ್ತದೆಯೇ? ಜೊತೆಗೆ, ಹೊರಗಿನಿಂದ ಇನ್ನೊಂದು ಸ್ಕಾಲರ್‌ಶಿಪ್ ಬಂದರೆ ತಮ್ಮ ಮನ್ನಾವನ್ನು ಅಷ್ಟೇ ಕಡಿತ ಮಾಡುವ ಕಾಲೇಜುಗಳಿವೆ. ಆಗ ಹೊರಗಿನದ್ದಕ್ಕೆ ಪಟ್ಟ ಶ್ರಮವೆಲ್ಲ ಕಾಲೇಜಿನ ಲೆಕ್ಕಕ್ಕೆ ಜಮೆ.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮೇಲು ವೃತ್ತಿ ಸಂಘಗಳ ನಿಧಿ. ಐದಕ್ಕೆ ನಾಲ್ಕೂವರೆ ಧಾರಾಳವಾಗಿ ಕೊಡಬಹುದು. 1917ರಲ್ಲಿ ಶುರುವಾದ ಅಮೆರಿಕದ ಡಯಟೀಷಿಯನ್‌ಗಳ ಸಂಘ ಇದೇ ಕೆಲಸಕ್ಕೆಂದು 1966ರಲ್ಲಿ ಪ್ರತ್ಯೇಕ ಪ್ರತಿಷ್ಠಾನವನ್ನೇ ಕಟ್ಟಿತು. ಇಂಥ ನಿಧಿಗಳ ಮೊತ್ತ ಸಾಮಾನ್ಯವಾಗಿ ಸಣ್ಣದು, ಇಡೀ ಫೀಸು ತುಂಬುವುದಿಲ್ಲ. ಆದರೆ ಕೊಡುವವರು ಅದೇ ಸಾವಿರ ಗಂಟೆ ದಾಟಿ ಬಂದವರು. ಎಲ್ಲಿ ಕೈ ಖಾಲಿಯಾಗುತ್ತದೆ ಎಂದು ಅವರಿಗೆ ಗೊತ್ತು. ಹಾಗಾಗಿ ಇಂಟರ್ನ್‌ಗಳಿಗೇ ಮೀಸಲಾದ ಹಣ ಸಿಗುವುದು ಹೆಚ್ಚಾಗಿ ಇಲ್ಲೇ. ಅರ್ಜಿ ಓದುವವರೇ ನಾಳೆ ತರಬೇತಿಗೆ ಜಾಗ ಕೊಡುವ ಆಸ್ಪತ್ರೆಯವರಾಗಿರಬಹುದು ಎಂಬುದೂ ಸಣ್ಣ ಲಾಭವಲ್ಲ. ವಿದ್ಯಾರ್ಥಿ ಸದಸ್ಯತ್ವ ಬೇಕಾಗುವ ಕಡೆ ಅದನ್ನು ಮೊದಲೇ ಮಾಡಿಸಿಕೊಳ್ಳಿ. ಕೊನೆಯ ದಿನದ ಹಿಂದಿನ ವಾರ ಸದಸ್ಯತ್ವಕ್ಕೆ ಹೊರಟು ಅರ್ಜಿಯೇ ತಿರಸ್ಕೃತವಾಗುವವರು ಕಡಿಮೆಯೇನಿಲ್ಲ.

ವಿದೇಶಿ ಓದಿನ ದೊಡ್ಡ ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಬ್ರಿಟನ್ ಸರ್ಕಾರದ ಚೆವನಿಂಗ್ ಒಳ್ಳೆಯ ಸ್ಕಾಲರ್‌ಶಿಪ್, ಫೀಸು, ಜೀವನವೆಚ್ಚ, ವಿಮಾನದ ಟಿಕೆಟ್ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಆದರೆ ಅದು ಕೊಡುವುದು ಒಂದು ವರ್ಷದ ಸ್ನಾತಕೋತ್ತರ ಓದಿಗೆ. ಬ್ರಿಟನ್ನಿನಲ್ಲಿ ‘ಡಯಟೀಷಿಯನ್’ ಎಂಬ ಪದವಿನಾಮಕ್ಕೆ ಕಾನೂನಿನ ರಕ್ಷಣೆಯಿದೆ, ನೋಂದಣಿಯಿಲ್ಲದೆ ಯಾರೂ ಹಾಗೆ ಕರೆದುಕೊಳ್ಳುವಂತಿಲ್ಲ. ಆ ನೋಂದಣಿಗೆ ದಾರಿ ಮಾಡಿಕೊಡುವ ಸ್ನಾತಕೋತ್ತರ ಡಯಟೆಟಿಕ್ಸ್ ಕೋರ್ಸು ಸಾಮಾನ್ಯವಾಗಿ ಎರಡು ವರ್ಷದ್ದು. ಹಾಗಾಗಿ ಒಂದು ವರ್ಷದ ಸ್ಕಾಲರ್‌ಶಿಪ್ಪಿನಲ್ಲಿ ಹೋದವರು ಸಾರ್ವಜನಿಕ ಆರೋಗ್ಯ ಪೋಷಣೆಯಂಥ ವಿಷಯ ಓದಿ ಬರಬಹುದು, ವಾರ್ಡಿನ ಡಯಟೀಷಿಯನ್ ಆಗಿ ಬರಲಾರರು. ನೀತಿ, ಯೋಜನೆ, ಸಂಶೋಧನೆ ಇಷ್ಟಪಡುವವರಿಗೆ ಐದಕ್ಕೆ ಐದು, ರೋಗಿಯ ಹಾಸಿಗೆ ಪಕ್ಕ ನಿಂತು ಕೆಲಸ ಮಾಡಬೇಕೆನ್ನುವವರಿಗೆ ಎರಡು. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು ಎಂಬ ಷರತ್ತನ್ನೂ ಸಹಿ ಹಾಕುವ ಮುಂಚೆಯೇ ಓದಿಕೊಳ್ಳಿ.

ಆಸ್ಪತ್ರೆಯೋ ಕಂಪನಿಯೋ ಬಾಂಡ್ ಬರೆಸಿಕೊಂಡು ಓದಿಸುವುದು ಇನ್ನೊಂದು ಬಗೆ. ಖರ್ಚೆಲ್ಲ ಅವರದು, ಕೆಲಸವೂ ಖಚಿತ. ಬಾಂಡಿನ ಕಾಗದದಲ್ಲಿ ಎರಡು ಸಾಲು ಹುಡುಕಿ. ಸೇವಾ ಅವಧಿ ಕೆಲಸಕ್ಕೆ ಸೇರಿದ ದಿನದಿಂದ ಲೆಕ್ಕವೋ, ನೋಂದಣಿಯಾದ ದಿನದಿಂದಲೋ? ನೋಂದಣಿ ಪರೀಕ್ಷೆ ಮೊದಲ ಸಲ ಪಾಸಾಗದಿದ್ದರೆ ಏನು? ಎರಡನೆಯದಕ್ಕೆ ಉತ್ತರವಿಲ್ಲದ ಬಾಂಡ್‌ಗೆ ಸಹಿ ಬೇಡ. ಒಂದು ಪರೀಕ್ಷೆಯ ಸೋಲು ಇಡೀ ಮೊತ್ತವನ್ನು ಸಾಲವಾಗಿ ತಲೆಯ ಮೇಲೆ ಹೊರಿಸಬಹುದು.

ಆನ್‌ಲೈನ್ ‘ನ್ಯೂಟ್ರಿಷನಿಸ್ಟ್’ ಸರ್ಟಿಫಿಕೇಟುಗಳ ಮೇಲೆ ‘ಶೇ. 80 ಸ್ಕಾಲರ್‌ಶಿಪ್’ ಎಂದು ಬರುವ ಜಾಹೀರಾತುಗಳಿಗೆ ಅಂಕವೇ ಇಲ್ಲ. ಅದು ರಿಯಾಯಿತಿ, ವಿದ್ಯಾರ್ಥಿವೇತನವಲ್ಲ. ಕೋರ್ಸಿಗೆ ನೋಂದಣಿ ಮಂಡಳಿಯ ಮಾನ್ಯತೆ ಇಲ್ಲದಿದ್ದರೆ ಪೂರ್ತಿ ಉಚಿತ ಕೊಟ್ಟರೂ ಕಳೆಯುವುದು ನಿಮ್ಮ ವರ್ಷ. ಅರ್ಜಿಗೆ ಮೊದಲು ‘ಪ್ರೊಸೆಸಿಂಗ್ ಶುಲ್ಕ’ ಕೇಳುವವರ ಹತ್ತಿರ ಮಾತೇ ಬೇಡ.

ಅರ್ಜಿ ಬರೆಯುವ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕೈಗೆ ಬಂದ ಹಣ ತಪ್ಪುವುದು ಇಲ್ಲೇ. ‘ಜನರ ಆರೋಗ್ಯಕ್ಕಾಗಿ ದುಡಿಯಬೇಕೆಂಬುದು ನನ್ನ ಬಾಲ್ಯದ ಕನಸು’ ಎಂಬ ಸಾಲು ಅರ್ಜಿಯ ಕಂತೆಯಲ್ಲಿ ಎಷ್ಟು ಸಲ ಬರುತ್ತದೆಂದರೆ, ಓದುವವರ ಕಣ್ಣು ತಾನಾಗಿ ಜಾರಿಬಿಡುತ್ತದೆ. ಈ ವೃತ್ತಿಯವರಿಗೆ ಒಳ್ಳೆಯ ಮಾದರಿ ಕೈಯಲ್ಲೇ ಇದೆ. ರೋಗಿಯ ಪೋಷಣಾ ದೋಷವನ್ನು ಬರೆಯುವಾಗ ಸಮಸ್ಯೆ, ಅದರ ಕಾರಣ, ಅದನ್ನು ತೋರಿಸುವ ಲಕ್ಷಣ ಎಂದು ಮೂರು ಭಾಗ ಮಾಡುತ್ತಾರಲ್ಲ, ಪಿಇಎಸ್ ಹೇಳಿಕೆ, ಅದನ್ನೇ ನಿಮ್ಮ ಹಣದ ಕೊರತೆಗೆ ಹಚ್ಚಿ. ‘ಹಣಕಾಸಿನ ತೊಂದರೆಯಿದೆ’ ಎಂಬ ಸಾಲಿನ ಬದಲು ಹೀಗೆ ಬರೆಯಬಹುದು: ‘ತರಬೇತಿಯ 25 ವಾರಗಳಲ್ಲಿ ಕೊನೆಯ 10 ವಾರಗಳ ಬಾಡಿಗೆ ಮತ್ತು ಓಡಾಟಕ್ಕೆ ಹಣವಿಲ್ಲ, ಕಾರಣ, ತರಬೇತಿಗೆ ಸಂಬಳವಿಲ್ಲ ಮತ್ತು ಮೂತ್ರಪಿಂಡ ವಿಭಾಗದ ಸರದಿ ಬೇರೆ ಊರಿನಲ್ಲಿದೆ, ಆಧಾರ, ಜೊತೆಗಿರುವ ತಿಂಗಳವಾರು ಖರ್ಚಿನ ಪಟ್ಟಿ.’ ಹಣ ಎಲ್ಲಿಗೆ ಹೋಗುತ್ತದೆ ಎಂದು ಓದುವವರಿಗೆ ಕಣ್ಣಿಗೆ ಕಾಣುತ್ತದೆ. ಆಸಕ್ತಿಯ ಮಾತಿಗೂ ಇದೇ ಸೂತ್ರ. ‘ಕ್ಲಿನಿಕಲ್ ನ್ಯೂಟ್ರಿಷನ್ ಇಷ್ಟ’ ಎನ್ನುವುದಕ್ಕಿಂತ, ಡಯಾಲಿಸಿಸ್ ರೋಗಿಗೆ ಪೊಟ್ಯಾಸಿಯಂ, ರಂಜಕ ಕಡಿಮೆ ಮಾಡಿ ಎನ್ನುತ್ತಲೇ ಪ್ರೋಟೀನ್ ಹೆಚ್ಚು ತಿನ್ನಿ ಎಂದು ಹೇಳಬೇಕಾಗುವ ಕಷ್ಟವನ್ನು ಎರಡು ಸಾಲಿನಲ್ಲಿ ಬಿಡಿಸಿ ಬರೆದರೆ ಸಾಕು.

ಶಿಫಾರಸು ಪತ್ರಕ್ಕೆ ಕನಿಷ್ಠ ಆರು ವಾರ ಮೊದಲು ಕೇಳಿ. ಕೇಳುವಾಗ ಅಂಕಪಟ್ಟಿ, ನಿಮ್ಮ ಪ್ರಬಂಧದ ಕರಡು, ಕೊನೆಯ ದಿನಾಂಕ ಮೂರನ್ನೂ ಕೈಗೆ ಕೊಡಿ. ದೊಡ್ಡ ಹುದ್ದೆಯವರ ನಾಲ್ಕು ಸಾಲಿಗಿಂತ, ಪ್ರಯೋಗಾಲಯದಲ್ಲಿ ನಿಮ್ಮ ಕೆಲಸ ಕಂಡ ಮೇಷ್ಟ್ರ ಒಂದು ಪುಟಕ್ಕೆ ತೂಕ ಹೆಚ್ಚು. ಅಂಕಪಟ್ಟಿ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆಗಳಲ್ಲಿ ಹೆಸರಿನ ಅಕ್ಷರ ಒಂದೇ ಥರ ಇದೆಯೇ ನೋಡಿಕೊಳ್ಳಿ. ಇನಿಷಿಯಲ್ ಹಿಂದೆಮುಂದಾದರೂ ಕಂತು ನಿಲ್ಲುತ್ತದೆ.

ಕೊನೆಗೆ ಕಂತಿನ ವಿಷಯ. ‘ಖರ್ಚು ಮಾಡಿ, ರಸೀದಿ ಕೊಡಿ, ಮರುಪಾವತಿ ಮಾಡುತ್ತೇವೆ’ ಎನ್ನುವ ಸ್ಕಾಲರ್‌ಶಿಪ್ ಕೈಯಲ್ಲಿ ಹಣವಿದ್ದವರಿಗಷ್ಟೇ ಉಪಯೋಗ, ಅದಕ್ಕೆ ನಾವು ಪೂರ್ತಿ ಒಂದು ಅಂಕ ಕಡಿಮೆ ಮಾಡಿದ್ದೇವೆ. ಮುಂಗಡ ಕೊಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಪತ್ರ ಬರೆದು ಕೇಳಿದರೆ ಒಪ್ಪುವವರಿದ್ದಾರೆ. ಮೊದಲ ಕಂತು ತಡವಾಗಿ ಬರುವುದೂ ಸಾಮಾನ್ಯ. ಲಸಿಕೆ, ವಿಮೆ, ಮುಂಗಡ ಬಾಡಿಗೆ ಇವಿಷ್ಟಕ್ಕೆ ಬೇಕಾಗುವ ಹಣವನ್ನು ಸ್ಕಾಲರ್‌ಶಿಪ್ಪಿನ ಲೆಕ್ಕದಿಂದ ಹೊರಗಿಟ್ಟು ಬೇರೆ ಹೊಂದಿಸಿಕೊಳ್ಳಿ. ನೋಂದಣಿ ಪರೀಕ್ಷೆಯ ಶುಲ್ಕವನ್ನೂ ಅರ್ಜಿಯ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಿ. ಹೆಚ್ಚಿನವರು ಇದನ್ನು ಕೇಳುವುದೇ ಮರೆಯುತ್ತಾರೆ.