ಕಾಶ್ಮೀರ್ ಗ್ರೇಟ್ ಲೇಕ್ಸ್ ಟ್ರೆಕ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ತುಮಕೂರಿಂದ ಗ್ರೇಟ್ ಲೇಕ್ಸ್ ಟ್ರೆಕ್‌ಗೆ ಹೋಗೋ ಪ್ಲಾನ್ ಇರೋರು ಪ್ಯಾಕೇಜ್ ರೇಟ್ ಆಮೇಲೆ ನೋಡಿ, ಮೊದಲನೇ ಎರಡ್ಮೂರು ರಾತ್ರಿ ಎಲ್ಲಿ ಮಲಗಿಸ್ತಾರೆ ಅಂತ ಮೊದಲು ನೋಡಿ.

ನಮ್ಮ ಪ್ಯಾಕೇಜಲ್ಲಿ ಶ್ರೀನಗರದಲ್ಲಿ ಫ್ಲೈಟ್ ಇಳಿದ ದಿನವೇ ಸೋನಮಾರ್ಗ್, ಬೆಳಗ್ಗೆ ಎದ್ದು ಸೀದಾ ನಿಚ್ನಾಯ್ ಕ್ಯಾಂಪ್. ತುಮಕೂರು ಇರೋದು 800 ಮೀಟರ್ ಚಿಲ್ಲರೆ ಎತ್ತರದಲ್ಲಿ, ಸೋನಮಾರ್ಗ್ 2,700 ದಾಟುತ್ತೆ, ನಿಚ್ನಾಯ್ ಹತ್ತತ್ರ 3,500. ಮೂರು ಸಾವಿರ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತಾರೆ ಡಾಕ್ಟರುಗಳು. ಬುಕ್ ಮಾಡೋವಾಗ ಇದನ್ನೇ ಕೇಳಿದ್ವಿ, "ಮಧುಗಿರಿ ಬೆಟ್ಟ ಹತ್ತಿದೀರಲ್ಲ ಸರ್, ಇದೇನ್ ಮಹಾ" ಅಂದ್ರು. ಮಧುಗಿರಿ ತುದಿ 1,200 ಮೀಟರೂ ಇಲ್ಲ! ಕಾಲಲ್ಲಿ ಎಷ್ಟೇ ಕಸುವಿರಲಿ, ಆಕ್ಸಿಜನ್ ಕಮ್ಮಿ ಇರೋ ಆ ಗಾಳಿಗೆ ಮೈ ಒಗ್ಗೋಕೆ ಟೈಮ್ ಬೇಕೇ ಬೇಕು. ದೇವರಾಯನದುರ್ಗನ ಓಡಿಕೊಂಡೇ ಹತ್ತೋ ನನ್ನ ಭಾವಮೈದನಿಗೇ ಎತ್ತರದ ಕಾಯಿಲೆ ಮೊದಲು ಹೊಡೀತು.

ಸಾಯಂಕಾಲ ತಲೆನೋವು ಅಂದ, ಊಟ ಸೇರಲಿಲ್ಲ, ಎರಡು ಸಲ ವಾಂತಿ. ಟ್ರೆಕ್ ಲೀಡರ್ ಒಂದು ನೋವಿನ ಮಾತ್ರೆ ಕೊಟ್ಟು "ನಾಳೆ ಪಾಸ್ ದಾಟಿಬಿಟ್ರೆ ವಿಶನ್‌ಸರ್ ಸರೋವರ, ಅಲ್ಲಿ ಸರಿಹೋಗುತ್ತೆ" ಅಂದ, ಆ ಪಾಸ್, ಅಂದ್ರೆ ಬೆಟ್ಟ ದಾಟೋ ಘಟ್ಟದ ದಾರಿ, ಇರೋದು 4,100 ಮೀಟರ್ ಹತ್ರ, ಹುಷಾರಿಲ್ಲದೋನನ್ನ ಇನ್ನೂ ಮೇಲಕ್ಕೆ ಹತ್ತಿಸ್ತೀನಿ ಅಂತಾನೆ! ಆಕ್ಸಿಮೀಟರ್ ಕೇಳಿದ್ರೆ ಅದರಲ್ಲಿ ಬ್ಯಾಟರಿ ಇಲ್ಲ. ನಡುರಾತ್ರಿ ಇವನು ಟೆಂಟಿಂದ ಆಚೆ ಬಂದು ನಾಲ್ಕು ಹೆಜ್ಜೆ ಇಡೋದ್ರೊಳಗೆ ಕುಡಿದೋರ ಥರ ಒಂದ್ಕಡೆ ವಾಲ್ತಾ ಇದ್ದ, ಶೂ ಲೇಸ್ ಹಿಡ್ಕೊಂಡು ಏನ್ ಮಾಡ್ಬೇಕು ಅಂತಾನೇ ಗೊತ್ತಾಗದೆ ಅದನ್ನೇ ನೋಡ್ತಾ ಕೂತ. ಅದನ್ನ ಕಂಡು ಲಗೇಜ್ ಹೊರಿಸೋ ಕುದುರೆಯವರು ತಾವಾಗೇ ಎದ್ದು ಬಂದು "ಈಗಲೇ ಇಳಿಸಿ, ಬೆಳಗಾಗೋವರೆಗೂ ಕಾಯಬೇಡಿ" ಅಂದ್ರು, ಟಾರ್ಚ್ ಹಿಡ್ಕೊಂಡು ಆ ಕಲ್ಲುದಾರೀಲಿ ಅವನನ್ನ ಕುದುರೆ ಮೇಲೆ ಕೂರಿಸಿ ಇಳಿಸಿದ್ರು. ಆ ಮನುಷ್ಯರ ಋಣ ಈ ಜನ್ಮದಲ್ಲಿ ತೀರಲ್ಲ. ಇಳೀತಾ ಇಳೀತಾ ಮಾತು ಸರಿಹೋಯ್ತು, ಸೋನಮಾರ್ಗಲ್ಲಿ ಆಕ್ಸಿಜನ್ ಹಾಕಿದ್ರು.

ತಲೆನೋವು ವಾಂತಿ ಶುರುವಾದ್ರೆ ಅಲ್ಲೇ ನಿಲ್ಲಿ, ಮೇಲೆ ಹೋಗ್ಲೇಬೇಡಿ. ನಡಿಗೆ ವಾಲಿದ್ರೆ, ಮಾತು ತಪ್ಪಿದ್ರೆ, ಸುಮ್ಮನೆ ಕೂತಿದ್ರೂ ಏದುಸಿರು ಬಂದ್ರೆ ಆ ಕ್ಷಣವೇ ಇಳೀಬೇಕು, ಲೀಡರ್ ಏನೇ ಹೇಳ್ಲಿ. ಎತ್ತರದ ಕಾಯಿಲೆ ಬರದ ಹಾಗೆ ತಗೊಳ್ಳೋ ಡಯಾಮಾಕ್ಸ್ ಮಾತ್ರೆ ಬೇಕಾ ಬೇಡವಾ ಅಂತ ಊರಲ್ಲೇ ಡಾಕ್ಟರ್ ಹತ್ರ ಕೇಳಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ರೆ ಮೊದಲೇ ಹೇಳಿ. ಇನ್ನೊಂದು, ನಮ್ಮ ಕಡೆ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು, ಮನೆಯವರಿಗೂ ಇದನ್ನ ಹೇಳಿ ಹೊರಡಿ.

ಕುದುರೆ, ಆಸ್ಪತ್ರೆ, ವಾಪಸ್ ಟ್ಯಾಕ್ಸಿ ಎಲ್ಲಾ ನಮ್ಮ ಕೈಯಿಂದಲೇ ಹೋಯ್ತು, ಪ್ಯಾಕೇಜ್ ದುಡ್ಡು ಕೇಳಿದ್ರೆ ಈಗ ಫೋನೇ ಎತ್ತಲ್ಲ. ಅದಕ್ಕೇ ಅಡ್ವಾನ್ಸ್ ಕೊಡೋ ಮುಂಚೆ ಸೋನಮಾರ್ಗಲ್ಲಿ ಒಂದು ದಿನ ರೆಸ್ಟ್ ಇದೆಯಾ, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಇಳಿಸೋಕೆ ಕುದುರೆ ಯಾರು ಕೊಡ್ತಾರೆ, ಖರ್ಚು ಯಾರದು, ಇಷ್ಟನ್ನ ವಾಟ್ಸಾಪಲ್ಲಿ ಬರೆಸ್ಕೊಳ್ಳಿ.