ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್: ಅರವತ್ತು ದಾಟಿದವರ ಆಯ್ಕೆ

ನಿಮಿರು ದೌರ್ಬಲ್ಯಕ್ಕೆ ಕೊಡುವ ಈ ಎರಡೂ ಮಾತ್ರೆಗಳು ರಕ್ತನಾಳಗಳನ್ನು ಸಡಿಲಿಸಿ ರಕ್ತದ ಹರಿವನ್ನು ಹೆಚ್ಚಿಸುತ್ತವೆ. ನಾಳದೊಳಗೆ ಕಟ್ಟಿಕೊಂಡ ಕೊಬ್ಬನ್ನು ಕರಗಿಸುವುದಿಲ್ಲ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವಾದ್ದರಿಂದ ತೊಂದರೆ ಅಲ್ಲಿ ಮೊದಲು ಕಾಣಿಸಿಕೊಳ್ಳುವುದುಂಟು; ಆದ್ದರಿಂದ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷಿಸದೆ ಮಾತ್ರೆ ಆರಿಸುವುದು ಸರಿಯಲ್ಲ.

1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಲ್ಡೆನಾಫಿಲನ್ನು ಸುಮಾರು ಒಂದು ಗಂಟೆ ಮುಂಚೆ ಸೇವಿಸಬೇಕು. ಪರಿಣಾಮ ನಾಲ್ಕೈದು ಗಂಟೆ ಇರುತ್ತದೆ, ಎಣ್ಣೆ-ತುಪ್ಪದ ಊಟದ ಮೇಲೆ ನುಂಗಿದರೆ ತಡವಾಗುತ್ತದೆ. ಟಡಾಲಾಫಿಲ್‌ಗೆ ಊಟದ ಅಡ್ಡಿಯಿಲ್ಲ, ಪರಿಣಾಮ 36 ಗಂಟೆಯವರೆಗೂ ಉಳಿಯಬಹುದು. ಪ್ರಾಸ್ಟೇಟ್ ಊದಿಕೊಂಡು ರಾತ್ರಿ ಪದೇಪದೇ ಮೂತ್ರಕ್ಕೆ ಏಳುವವರಿಗೆ ದಿನಕ್ಕೆ 5 ಮಿಲಿಗ್ರಾಂ ಟಡಾಲಾಫಿಲ್ ಎರಡೂ ತೊಂದರೆಗಳಿಗೆ ಒದಗುವುದರಿಂದ, ಅವರಿಗೆ ಅದೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಈಗಾಗಲೇ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ಸೇವಿಸುತ್ತಿದ್ದರೆ ರಕ್ತದೊತ್ತಡ ಇಳಿಯಬಹುದಾದ್ದರಿಂದ ವೈದ್ಯರಿಗೆ ತಿಳಿಸಬೇಕು.

ಎದೆನೋವಿಗೆ ನಾಲಿಗೆಯಡಿ ನೈಟ್ರೇಟ್ ಗುಂಪಿನ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಳ್ಳುವವರು ಎರಡನ್ನೂ ಮುಟ್ಟಲೇಬಾರದು, ಏಕೆಂದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಟಡಾಲಾಫಿಲ್‌ನ ದೀರ್ಘ ಪರಿಣಾಮವೇ ಇಲ್ಲಿ ತೊಡಕು: ಮಾತ್ರೆ ನುಂಗಿದ ಬಳಿಕ ಎದೆನೋವು ಬಂದರೆ ಸಿಲ್ಡೆನಾಫಿಲ್ ಆದರೆ ಕನಿಷ್ಠ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಸಾಮಾನ್ಯವಾಗಿ ನೈಟ್ರೇಟ್ ಕೊಡುವಂತಿಲ್ಲ; ಆದ್ದರಿಂದ ಯಾವ ಮಾತ್ರೆ, ಎಷ್ಟು ಹೊತ್ತಿಗೆ ನುಂಗಿದ್ದೆಂದು ಆಸ್ಪತ್ರೆಯಲ್ಲಿ ಸಂಕೋಚವಿಲ್ಲದೆ ಹೇಳಬೇಕು.